ನಿಯತಾಂಕ ಮತ್ತು ಸ್ವಯಂಚಾಲನೆ: ಧ್ವನಿಸಂಸ್ಕರಣ ತಂತ್ರಾಂಶಗಳ ವಿನ್ಯಾಸ ಕುರಿತು

1. ಪ್ರವೇಶಿಕೆ

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಸ್ಪೂಲ್ ಟೇಪು ಮತ್ತು ಕ್ಯಾಸೆಟ್ಟುಗಳ ಮೇಲೆ ಮುದ್ರಿತವಾದ ಹಾಡು, ಕಥನ, ವಾದ್ಯವಾದನಗಳು ಇಂದು ಅಂಕೀಯ ರೂಪಕ್ಕೆ ಬರುತ್ತಿವೆ. ಹೀಗೆ ಬಂದ ಧ್ವನಿಯು ಕೇಳುಗರನ್ನು ತಲುಪುವ ಮೊದಲು ಹಲವು ಸಂಸ್ಕಾರಗಳಿಗೆ ಒಳಗಾಗುತ್ತದೆ. ಟೇಪಿನ ಸಿಳ್ಳನ್ನು ತಗ್ಗಿಸುವುದು, ಮಂದ್ರ ತಾರಗಳ ಸಮತೋಲವನ್ನು ಸರಿಪಡಿಸುವುದು, ಕ್ಷೀಣವಾದ ದನಿಯನ್ನು ಎತ್ತಿ ಕೊಡುವುದು ಇಂಥ ಕೆಲಸಗಳಾಗಿವೆ. ಇವುಗಳನ್ನು ನಿರ್ವಹಿಸುವ ಸಣ್ಣ ಸಣ್ಣ ತಂತ್ರಾಂಶಗಳಿಗೆ ಪ್ಲಗ್-ಇನ್‌ಗಳೆಂದು ಹೆಸರು. ಇವು ಸ್ವತಂತ್ರವಾಗಿ ನಡೆಯುವುದಿಲ್ಲ. ಧ್ವನಿಮುದ್ರಣದ ದೊಡ್ಡ ತಂತ್ರಾಂಶವೊಂದು ಇವುಗಳಿಗೆ ಆಶ್ರಯ ಕೊಡುತ್ತದೆ. ಅದನ್ನು ಇಲ್ಲಿ ಆತಿಥೇಯ ತಂತ್ರಾಂಶವೆಂದು ಕರೆಯಲಾಗಿದೆ.

ಪ್ರತಿ ಪ್ಲಗ್-ಇನ್ ಬಳಕೆದಾರನ ಮುಂದೆ ಕೆಲವು ಹಿಡಿಕೆಗಳನ್ನು ಇಡುತ್ತದೆ. ಪರದೆಯ ಮೇಲೆ ಅವು ನಾಬ್, ಫೇಡರ್, ಸ್ವಿಚ್ಚುಗಳ ಚಿತ್ರಗಳಾಗಿ ಕಾಣುತ್ತವೆ. ಅವುಗಳ ಹಿಂದೆ ಇರುವುದು ಒಂದೊಂದು ಸಂಖ್ಯೆ. ಈ ಬದಲಾಗಬಲ್ಲ ಸಂಖ್ಯೆಯೇ ನಿಯತಾಂಕ, ಅಂದರೆ ಪ್ಯಾರಾಮೀಟರ್. ಕಾಲ ಸರಿದಂತೆ ನಿಯತಾಂಕವು ಹೇಗೆ ಬದಲಾಗಬೇಕೆಂಬುದನ್ನು ದಾಖಲಿಸಿಟ್ಟು, ಧ್ವನಿ ನುಡಿಯುವಾಗ ಆ ಬದಲಾವಣೆಯನ್ನು ತಾನಾಗಿಯೇ ಮರುಕಳಿಸುವಂತೆ ಮಾಡುವುದು ಸ್ವಯಂಚಾಲನೆ, ಅಂದರೆ ಆಟೊಮೇಷನ್.

ಈ ಎರಡರ ವಿನ್ಯಾಸವನ್ನು ಕೇವಲ ತಾಂತ್ರಿಕ ವಿವರವೆಂದು ಬಗೆಯುವುದು ರೂಢಿ. ಆದರೆ ಧ್ವನಿಯ ಯಾವ ಗುಣಕ್ಕೆ ಹೆಸರಿಡಬೇಕು, ಅದನ್ನು ಯಾವ ಅಳತೆಯಲ್ಲಿ ಅಳೆಯಬೇಕು, ಕೈಯ ಯಾವ ಚಲನೆಯನ್ನು ನೆನಪಿಡಬೇಕು ಎಂಬ ತೀರ್ಮಾನಗಳನ್ನು ವಿನ್ಯಾಸಕಾರನು ಮೊದಲೇ ಕೈಗೊಂಡಿರುತ್ತಾನೆ. ಆ ತೀರ್ಮಾನಗಳು ಕೇಳುಗರಿಗೆ ದೊರೆಯುವ ಧ್ವನಿಯನ್ನು ರೂಪಿಸುತ್ತವೆ. ಈ ವಿನ್ಯಾಸದ ಮುಖ್ಯ ತತ್ತ್ವಗಳನ್ನು ವಿವರಿಸಿ, ಜನಪದ ಧ್ವನಿಸಂಗ್ರಹಗಳಿಗೆ ಅವು ಏಕೆ ಮುಖ್ಯವೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಚಾರಿತ್ರಿಕ ಹಿನ್ನೆಲೆ

ನಿಯಂತ್ರಣವೆಂಬ ಕಲ್ಪನೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ತಂಬೂರಿಯ ಬಿರಡೆಯನ್ನು ತಿರುವಿ ಶ್ರುತಿಯನ್ನು ಸ್ಥೂಲವಾಗಿ ಹೊಂದಿಸಿದ ಮೇಲೆ, ತಂತಿಯ ಮೇಲಿನ ಮಣಿಯನ್ನು ಸರಿಸಿ ಸೂಕ್ಷ್ಮವಾಗಿ ಹೊಂದಿಸುತ್ತಾರೆ. ಒಂದೇ ಗುಣಕ್ಕೆ ಸ್ಥೂಲ ಮತ್ತು ಸೂಕ್ಷ್ಮವೆಂಬ ಎರಡು ಹಿಡಿಕೆಗಳು ಇಲ್ಲಿವೆ. ಚೌಡಿಕೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ತಂತಿಯ ಬಿಗುವನ್ನು ನುಡಿಸುವವರ ಕೈಯೇ ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಗುರುತಿನ ಗೆರೆಗಳಿಲ್ಲ, ಸಂಖ್ಯೆಗಳಿಲ್ಲ. ನಿಯಂತ್ರಣವೂ ವಾದನವೂ ಒಂದೇ ಕ್ರಿಯೆ. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯ ಪರಂಪರೆಯಲ್ಲಿ ಶ್ರುತಿ, ಗತಿ, ನಾದದ ಮಟ್ಟಗಳು ಬೇರೆ ಬೇರೆ ನಾಬ್‌ಗಳಾಗಿ ಪೆಟ್ಟಿಗೆಯ ಮುಖದ ಮೇಲೆ ಬಂದವು. ಮೀಟುವ ಬೆರಳಿನಲ್ಲಿ ಒಂದಾಗಿದ್ದ ಗುಣಗಳು ಬಿಡಿಬಿಡಿಯಾದವು. ನಿಯತಾಂಕದ ಸ್ವರೂಪವನ್ನು ಅರಿಯಲು ಇದು ಹತ್ತಿರದ ನಿದರ್ಶನ.

ಸ್ವಯಂಚಾಲನೆಯ ಒಂದು ಆರಂಭಿಕ ನಿದರ್ಶನ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ದೊರೆಯುತ್ತದೆ. ಅಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಮತ್ತು ಎಫ್. ಆರ್. ಮೂರ್ ರೂಪಿಸಿ 1970ರಲ್ಲಿ ವಿವರಣೆ ಪ್ರಕಟಿಸಿದ 'ಗ್ರೂವ್' ವ್ಯವಸ್ಥೆಯು, ನಾಬ್ ತಿರುಗಿಸುವ ಕೈಯ ಚಲನೆಯನ್ನು ಕಾಲದ ಫಲನವಾಗಿ ಗಣಕದಲ್ಲಿ ದಾಖಲಿಸಿಕೊಂಡು, ಅದರಿಂದ ಅನಲಾಗ್ ಧ್ವನಿಯಂತ್ರವನ್ನು ನಡೆಸುತ್ತಿತ್ತು. ಅಲ್ಲಿ ದಾಖಲಾದದ್ದು ಧ್ವನಿಯಲ್ಲ, ಕೈಯ ಚಲನೆ ಎಂಬುದನ್ನು ಗಮನಿಸಬೇಕು. ಚಲನೆಯನ್ನು ಅನಂತರ ತಿದ್ದಬಹುದಾಗಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಬ್ರಿಟನ್ನಿನ ನೀವ್ ಸಂಸ್ಥೆಯ 'ನೆಕಾಮ್' ವ್ಯವಸ್ಥೆಯು ಸ್ಟುಡಿಯೊದ ಮಿಶ್ರಣಫಲಕಕ್ಕೆ ಮೋಟಾರು ಜೋಡಿಸಿದ ಫೇಡರುಗಳನ್ನು ತಂದಿತು. 1983ರ ಮಿಡಿ ಮಾನಕವು ವಾದ್ಯಗಳ ನಡುವೆ ನಿಯಂತ್ರಣ ಸಂಖ್ಯೆಗಳನ್ನು ಸಾಗಿಸುವ ಸಾಮಾನ್ಯ ಭಾಷೆಯನ್ನು ಒದಗಿಸಿತು. 1996ರಲ್ಲಿ ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಸಂಸ್ಥೆ 'ವಿಎಸ್‌ಟಿ' ಎಂಬ ಪ್ಲಗ್-ಇನ್ ಮಾನಕವನ್ನು ಹೊರತಂದಿತು. ಅದರ ಮೂರನೆಯ ಆವೃತ್ತಿ 2008ರಲ್ಲಿ ಬಂದಿತು. ಆಪಲ್ ಸಂಸ್ಥೆಯ 'ಆಡಿಯೊ ಯೂನಿಟ್', ಮುಕ್ತ ತಂತ್ರಾಂಶ ವಲಯದ 'ಎಲ್‌ವಿ2', ಬರ್ಲಿನ್ನಿನ ಬಿಟ್‌ವಿಗ್ ಮತ್ತು ಯು-ಹೆ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ 'ಕ್ಲ್ಯಾಪ್' ಇದೇ ಸಾಲಿನ ಇತರ ಮಾನಕಗಳು.

3. ಆಯ್ಕೆ ಮತ್ತು ಹೆಸರು

ಧ್ವನಿಸಂಸ್ಕರಣದ ಗಣಿತದಲ್ಲಿ ಬದಲಿಸಬಹುದಾದ ಸಂಖ್ಯೆಗಳು ಅನೇಕ. ಅವುಗಳೆಲ್ಲವನ್ನೂ ಬಳಕೆದಾರನ ಮುಂದಿಟ್ಟರೆ ಗೊಂದಲವಾಗುತ್ತದೆ. ತೀರ ಕೆಲವನ್ನೇ ಇಟ್ಟರೆ ಕೈ ಕಟ್ಟಿದಂತಾಗುತ್ತದೆ. ಆದುದರಿಂದ ಯಾವುದನ್ನು ನಿಯತಾಂಕವಾಗಿ ಹೊರತೋರಬೇಕು, ಯಾವುದನ್ನು ಒಳಗೇ ಸ್ಥಿರವಾಗಿಡಬೇಕು ಎಂಬುದು ವಿನ್ಯಾಸದ ಮೊದಲ ತೀರ್ಮಾನ. ಹೊರತೋರದ ಗುಣವನ್ನು ಬಳಕೆದಾರನು ಬದಲಿಸಲಾರ. ಬಹುಮಟ್ಟಿಗೆ ಅದು ಇದೆಯೆಂದೂ ಅರಿಯಲಾರ.

ಎರಡನೆಯದು ಹೆಸರು. ಗಣಿತದ ಹೆಸರಿಗಿಂತ ಕಿವಿಗೆ ತಿಳಿಯುವ ಹೆಸರು ಉಪಯುಕ್ತವೆಂಬುದು ಸಾಮಾನ್ಯ ನಿಯಮ. ಧ್ವನಿಮಟ್ಟದ ಏರಿಳಿತವನ್ನು ಕುಗ್ಗಿಸುವ ಕಂಪ್ರೆಸರ್ ಎಂಬ ಸಾಧನದಲ್ಲಿ, ಧ್ವನಿ ಜೋರಾದ ಎಷ್ಟು ಹೊತ್ತಿಗೆ ಹಿಡಿತ ಬಿಗಿಯಬೇಕೆಂಬುದಕ್ಕೆ 'ಅಟ್ಯಾಕ್' ಎಂದು ಹೆಸರು. ಇದರ ಬೆಲೆ 1 ಮಿಲಿಸೆಕೆಂಡಿನಷ್ಟು ಕಡಿಮೆಯಿದ್ದರೆ ತಮಟೆಯ ಪೆಟ್ಟಿನ ಮೊನೆಯೇ ಮೊಂಡಾಗುತ್ತದೆ. 30 ಮಿಲಿಸೆಕೆಂಡಿನಷ್ಟಿದ್ದರೆ ಪೆಟ್ಟು ಉಳಿದು ಅದರ ಹಿಂದಿನ ಅನುರಣನ ಮಾತ್ರ ತಗ್ಗುತ್ತದೆ. ಹೆಸರು ಒಂದೇ, ಸಂಖ್ಯೆ ಚಿಕ್ಕದು. ಆದರೆ ವಾದ್ಯದ ಸ್ವಭಾವವೇ ಅದರ ಮೇಲೆ ನಿಂತಿದೆ.

ಹೆಸರಿಗೆ ಇನ್ನೊಂದು ಪ್ರಯೋಜನವೂ ಉಂಟು. ನಾಬ್ ಎಂಬುದು ಕೇವಲ ಚಿತ್ರವಾದರೆ ದೃಷ್ಟಿಹೀನ ಬಳಕೆದಾರರ ಪರದೆ ಓದುವ ತಂತ್ರಾಂಶಕ್ಕೆ ಅದು ಏನೆಂದು ತಿಳಿಯದು. ಪ್ರತಿ ನಿಯತಾಂಕವೂ ಹೆಸರು, ಮಾನ ಮತ್ತು ಪ್ರಸ್ತುತ ಬೆಲೆಯನ್ನು ಪಠ್ಯರೂಪದಲ್ಲಿ ಆತಿಥೇಯ ತಂತ್ರಾಂಶಕ್ಕೆ ತಿಳಿಸಿದರೆ ಚಿತ್ರದ ಹಂಗಿಲ್ಲದೆಯೂ ಅದನ್ನು ಬಳಸಬಹುದು.

4. ವ್ಯಾಪ್ತಿ ಮತ್ತು ಅಳತೆ

ನಿಯತಾಂಕದ ಕನಿಷ್ಠ ಹಾಗೂ ಗರಿಷ್ಠ ಬೆಲೆಗಳನ್ನು ನಿಗದಿಪಡಿಸಿದ ಮೇಲೆ, ನಡುವಿನ ದಾರಿಯನ್ನು ನಾಬಿನ ತಿರುವಿನ ಮೇಲೆ ಹಂಚುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಈಕ್ವಲೈಸರಿನ ಆವರ್ತನ ನಿಯತಾಂಕವನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಅದರ ವ್ಯಾಪ್ತಿ ಸಾಮಾನ್ಯವಾಗಿ 20ರಿಂದ 20,000 ಹರ್ಟ್ಸ್. ಇದನ್ನು ಸಮಾನ ಅಂತರಗಳಲ್ಲಿ ಹಂಚಿದರೆ ನಾಬಿನ ನಡುಬಿಂದು ಸುಮಾರು 10,000 ಹರ್ಟ್ಸ್ ಆಗುತ್ತದೆ. ಮಾನವ ಕಂಠದ ಮೂಲಸ್ವರಗಳಿರುವ 1,000 ಹರ್ಟ್ಸ್‌ವರೆಗಿನ ಭಾಗಕ್ಕೆ ಇಡೀ ತಿರುವಿನ ನೂರರಲ್ಲಿ ಐದು ಪಾಲು ಮಾತ್ರ ಉಳಿಯುತ್ತದೆ. ಕಿವಿಯು ಸ್ಥಾಯಿಯನ್ನು ಗುರುತಿಸುವುದು ವ್ಯತ್ಯಾಸದಿಂದಲ್ಲ, ಅನುಪಾತದಿಂದ. 100ರಿಂದ 200ಕ್ಕೆ ಏರಿದರೂ 1,000ದಿಂದ 2,000ಕ್ಕೆ ಏರಿದರೂ ಕೇಳುವುದು ಒಂದೇ ಸ್ಥಾಯಿಯ ಅಂತರ. ಆದುದರಿಂದ ಇಲ್ಲಿ ಲಘುಗಣಕದ ಹಂಚಿಕೆಯೇ ಯೋಗ್ಯ. ಆಗ ನಡುಬಿಂದು ಸುಮಾರು 632 ಹರ್ಟ್ಸ್ ಆಗುತ್ತದೆ. 20ರಿಂದ 200, 200ರಿಂದ 2,000, 2,000ದಿಂದ 20,000 ಎಂಬ ಮೂರು ಭಾಗಗಳಿಗೂ ತಿರುವಿನ ಮೂರನೆಯ ಒಂದೊಂದು ಪಾಲು ದೊರೆಯುತ್ತದೆ. ಧ್ವನಿಮಟ್ಟವನ್ನು ಡೆಸಿಬಲ್ ಮಾನದಲ್ಲಿ ತೋರಿಸುವುದಕ್ಕೂ ಇದೇ ಕಾರಣ.

ಹಂಚಿಕೆ ಸರಿಯಿದ್ದರೂ ಮೆಟ್ಟಿಲುಗಳು ಒರಟಾಗಿರಬಾರದು. ಮಿಡಿಯ ಸಾಮಾನ್ಯ ನಿಯಂತ್ರಣ ಸಂದೇಶದಲ್ಲಿ ಬೆಲೆಗಳು 0ಯಿಂದ 127ರವರೆಗೆ, ಒಟ್ಟು 128. ಮೇಲೆ ಹೇಳಿದ ಸುಮಾರು ಹತ್ತು ಸ್ಥಾಯಿಗಳ ವ್ಯಾಪ್ತಿಯನ್ನು ಲಘುಗಣಕದಲ್ಲಿಯೇ ಹಂಚಿದರೂ ಒಂದೊಂದು ಮೆಟ್ಟಿಲು ಸುಮಾರು 94 ಸೆಂಟ್ ಆಗುತ್ತದೆ. ಒಂದು ಅರ್ಧಸ್ವರಕ್ಕೆ 100 ಸೆಂಟ್ ಎಂಬುದನ್ನು ನೆನೆದರೆ, ಎರಡು ಮೆಟ್ಟಿಲುಗಳ ನಡುವೆ ಶ್ರುತಿಸೂಕ್ಷ್ಮಗಳಿಗೆ ಜಾಗವೇ ಇಲ್ಲವೆಂಬುದು ವಿದಿತವಾಗುತ್ತದೆ. ಎರಡು ಸಂದೇಶಗಳನ್ನು ಜೋಡಿಸಿ 16,384 ಮೆಟ್ಟಿಲುಗಳನ್ನು ಪಡೆಯುವ ಉಪಾಯ ಹಳೆಯ ಮಾನಕದಲ್ಲಿಯೇ ಇದ್ದರೂ ಬಳಕೆ ವಿರಳವಾಗಿತ್ತು. 2020ರ ಮಿಡಿ 2.0 ಈ ಬೆಲೆಗಳನ್ನು 32 ಬಿಟ್‌ಗಳಿಗೆ ಹಿಗ್ಗಿಸಿತು. ಪ್ಲಗ್-ಇನ್ ಮಾನಕಗಳು ದಶಮಾಂಶ ಸಂಖ್ಯೆಗಳನ್ನೇ ಬಳಸುವುದರಿಂದ ಅಲ್ಲಿ ಈ ತೊಡಕು ಇಲ್ಲ. ಆದರೆ ಹಳೆಯ ನಿಯಂತ್ರಣ ಫಲಕವನ್ನು ಜೋಡಿಸಿದೊಡನೆ ಅದು ಮರಳಿ ಬರುತ್ತದೆ.

ಪೂರ್ವನಿಗದಿತ ಬೆಲೆಯ ಮಾತನ್ನೂ ಇಲ್ಲಿಯೇ ಹೇಳಬೇಕು. ಪ್ಲಗ್-ಇನ್ ತೆರೆದಾಗ ಪ್ರತಿ ನಿಯತಾಂಕವೂ ಒಂದು ಬೆಲೆಯಲ್ಲಿ ನಿಂತಿರುತ್ತದೆ. ಹಲವರು ಅದನ್ನು ಮುಟ್ಟುವುದೇ ಇಲ್ಲ. ಹೀಗಾಗಿ ವಿನ್ಯಾಸಕಾರನ ಊಹೆಯು ಸದ್ದಿಲ್ಲದೆ ಸಾವಿರಾರು ಧ್ವನಿಮುದ್ರಿಕೆಗಳ ರೂಪವಾಗುತ್ತದೆ. ಧ್ವನಿಯನ್ನು ಏನೂ ಬದಲಿಸದ ಬೆಲೆಯೇ ಆರಂಭದ ಬೆಲೆಯಾಗಿರುವುದು ಸುರಕ್ಷಿತ.

5. ಕೈ ಮತ್ತು ಪರದೆ

ಪರದೆಯ ಮೇಲಿನ ನಾಬ್ ಹಳೆಯ ಸ್ಟುಡಿಯೊ ಯಂತ್ರದ ಪ್ರತಿಕೃತಿ. ನಿಜವಾದ ನಾಬನ್ನು ಎರಡು ಬೆರಳುಗಳಲ್ಲಿ ಹಿಡಿದು ತಿರುವಬಹುದು. ಮೌಸಿನಿಂದ ತಿರುವುವುದು ಅಸಹಜ. ಆದುದರಿಂದ ಬಹುಪಾಲು ಪ್ಲಗ್-ಇನ್‌ಗಳಲ್ಲಿ ನಾಬ್ ದುಂಡಗಿದ್ದರೂ ಮೌಸನ್ನು ಮೇಲೆ ಕೆಳಗೆ ಎಳೆಯಬೇಕು. ರೂಪ ಒಂದು, ಕ್ರಿಯೆ ಇನ್ನೊಂದು. ಆದರೂ ನಾಬ್ ಉಳಿದಿರುವುದಕ್ಕೆ ಕಾರಣವಿದೆ: ಅದು ಕಡಿಮೆ ಜಾಗ ಬೇಡುತ್ತದೆ, ಮುಳ್ಳಿನ ದಿಕ್ಕನ್ನು ನೋಡಿ ಬೆಲೆಯನ್ನು ಒಂದೇ ನೋಟಕ್ಕೆ ಅಂದಾಜಿಸಬಹುದು. ಕೀಲಿಯೊಂದನ್ನು ಒತ್ತಿ ಹಿಡಿದು ಎಳೆದರೆ ಬೆಲೆ ನಿಧಾನವಾಗಿ ಬದಲಾಗುವುದು, ಎರಡು ಬಾರಿ ಒತ್ತಿದರೆ ಪೂರ್ವನಿಗದಿತ ಬೆಲೆಗೆ ಮರಳುವುದು, ಸಂಖ್ಯೆಯನ್ನು ನೇರವಾಗಿ ಬರೆಯಲು ಅವಕಾಶವಿರುವುದು ಉತ್ತಮ ವಿನ್ಯಾಸದ ಲಕ್ಷಣಗಳು. ಮೊದಲನೆಯದು ತಂಬೂರಿಯ ಬಿರಡೆ ಮತ್ತು ಮಣಿಗಳ ಸಂಬಂಧವನ್ನೇ ಹೋಲುತ್ತದೆ.

ಕೈ ಬದಲಿಸಿದ ಬೆಲೆಯು ಧ್ವನಿಗೆ ತಲುಪುವ ಬಗೆಯಲ್ಲಿಯೂ ಎಚ್ಚರ ಬೇಕು. ಗಣಕವು ಧ್ವನಿಯನ್ನು ಕಂತೆಕಂತೆಯಾಗಿ ಸಂಸ್ಕರಿಸುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್‌ಗಳ ಧ್ವನಿಯಲ್ಲಿ 512 ಸ್ಯಾಂಪಲ್‌ಗಳ ಕಂತೆಯ ಅವಧಿ ಸುಮಾರು 11.6 ಮಿಲಿಸೆಕೆಂಡ್. ಕಂತೆಗೊಮ್ಮೆ ಮಾತ್ರ ಬೆಲೆ ಬದಲಾದರೆ ಧ್ವನಿಮಟ್ಟವು ಮೆಟ್ಟಿಲು ಮೆಟ್ಟಿಲಾಗಿ ಜಿಗಿದು, ಜಿಪ್ ಎಳೆದಂಥ ಕರಕರ ಶಬ್ದ ಕೇಳಿಸುತ್ತದೆ. ಹೊಸ ಬೆಲೆಯತ್ತ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಮೆಲ್ಲನೆ ಸಾಗುವಂತೆ ನಯಗೊಳಿಸುವುದೇ ಇದಕ್ಕೆ ಪರಿಹಾರ. ಆದರೆ ನಯಗೊಳಿಸುವ ಅವಧಿ ಹೆಚ್ಚಾದರೆ ಕೈಯ ಚುರುಕು ಧ್ವನಿಯಲ್ಲಿ ಕಾಣದಾಗುತ್ತದೆ. ಎಲ್ಲ ನಿಯತಾಂಕಗಳಿಗೂ ಒಂದೇ ಅವಧಿ ಸಲ್ಲದು. ಪ್ರತಿಧ್ವನಿಯ ಕಾಲಾಂತರವನ್ನು ಬದಲಿಸುತ್ತ ಹೋದರೆ ಸ್ವರವೇ ಏರಿಳಿಯುತ್ತದೆ. ಅದು ಬೇಕೆ ಬೇಡವೆ ಎಂಬುದೂ ವಿನ್ಯಾಸದ ತೀರ್ಮಾನ.

6. ಸ್ವಯಂಚಾಲನೆಯ ಕ್ರಮ

ಸ್ವಯಂಚಾಲನೆಯಲ್ಲಿ ನಿಯತಾಂಕದ ಬೆಲೆಯನ್ನು ಬದಲಿಸುವ ಅಧಿಕಾರ ಇಬ್ಬರಿಗಿರುತ್ತದೆ: ಬಳಕೆದಾರನ ಕೈಗೆ ಮತ್ತು ಆತಿಥೇಯ ತಂತ್ರಾಂಶದಲ್ಲಿರುವ ದಾಖಲೆಗೆ. ಇವರಿಬ್ಬರೂ ಏಕಕಾಲದಲ್ಲಿ ನಾಬನ್ನು ಎಳೆದರೆ ಜಗ್ಗಾಟವಾಗುತ್ತದೆ. ಆದುದರಿಂದ ಮಾನಕಗಳು ಒಂದು ಶಿಸ್ತನ್ನು ವಿಧಿಸಿವೆ. ಕೈ ನಾಬನ್ನು ಹಿಡಿದಾಗ 'ಹಿಡಿಯಿತು' ಎಂದೂ, ಬದಲಿಸುವಾಗ ಹೊಸ ಬೆಲೆಯನ್ನೂ, ಬಿಟ್ಟಾಗ 'ಬಿಟ್ಟಿತು' ಎಂದೂ ಪ್ಲಗ್-ಇನ್ ತಿಳಿಸಬೇಕು. ಬೆಲೆಯನ್ನು ಬದಲಿಸದೆ ಸುಮ್ಮನೆ ಹಿಡಿದಿರುವುದಕ್ಕೂ ಅರ್ಥವಿದೆ: ಇಲ್ಲಿ ಬದಲಾಗದೆ ಇರಲಿ ಎಂಬುದೂ ಒಂದು ತೀರ್ಮಾನವೇ.

ಈ ಶಿಸ್ತಿನ ಆಧಾರದ ಮೇಲೆ ದಾಖಲೆಯ ವಿಧಾನಗಳು ನಿಂತಿವೆ. ಓದುವ ವಿಧಾನದಲ್ಲಿ ದಾಖಲೆ ಮಾತ್ರ ನಡೆಯುತ್ತದೆ. ಬರೆಯುವ ವಿಧಾನದಲ್ಲಿ ಹಳೆಯದು ಅಳಿಸಿ ಹೊಸದು ದಾಖಲಾಗುತ್ತದೆ. 'ಟಚ್' ವಿಧಾನದಲ್ಲಿ ಕೈ ಹಿಡಿದಿರುವಷ್ಟು ಹೊತ್ತು ಹೊಸದು ದಾಖಲಾಗಿ, ಬಿಟ್ಟೊಡನೆ ಬೆಲೆಯು ಹಳೆಯ ದಾಖಲೆಗೆ ಮರಳುತ್ತದೆ. 'ಲ್ಯಾಚ್' ವಿಧಾನದಲ್ಲಿ ಕೈ ಬಿಟ್ಟ ಮೇಲೂ ಕೊನೆಯ ಬೆಲೆಯೇ ಮುಂದುವರಿಯುತ್ತದೆ. ಹಿಡಿದ ಮತ್ತು ಬಿಟ್ಟ ಸೂಚನೆಗಳನ್ನು ಪ್ಲಗ್-ಇನ್ ಸರಿಯಾಗಿ ಕೊಡದಿದ್ದರೆ ಕೊನೆಯ ಎರಡು ವಿಧಾನಗಳು ಕೆಲಸ ಮಾಡಲಾರವು.

ದಾಖಲೆಯ ಕಾಲನಿಖರತೆಯೂ ಮುಖ್ಯ. ವಿಎಸ್‌ಟಿ 3ರಲ್ಲಿ ಪ್ರತಿ ಬದಲಾವಣೆಯೂ ಕಂತೆಯ ಎಷ್ಟನೆಯ ಸ್ಯಾಂಪಲ್‌ನಲ್ಲಿ ಆಗಬೇಕೆಂಬ ಸೂಚನೆಯೊಡನೆ ಬರುತ್ತದೆ. ಕ್ಲ್ಯಾಪ್ ಮಾನಕವು ದಾಖಲಾದ ಬೆಲೆಯನ್ನೂ ಅದರ ಮೇಲೆ ತಾತ್ಕಾಲಿಕವಾಗಿ ಕೂಡಿಸುವ ಏರಿಳಿತವನ್ನೂ ಬೇರ್ಪಡಿಸಿದೆ. ಏರಿಳಿತ ನಿಂತಾಗ ಮೂಲ ಬೆಲೆ ಕೆಡದೆ ಉಳಿದಿರುತ್ತದೆ.

7. ಗುರುತು ಮತ್ತು ಬಾಳಿಕೆ

ಸ್ವಯಂಚಾಲನೆಯ ದಾಖಲೆಯು ಪ್ಲಗ್-ಇನ್‌ನ ಒಳಗಿರದೆ ಆತಿಥೇಯ ತಂತ್ರಾಂಶದ ಕಡತದಲ್ಲಿರುತ್ತದೆ. ಯಾವ ದಾಖಲೆ ಯಾವ ನಿಯತಾಂಕಕ್ಕೆ ಸೇರಿದ್ದೆಂಬುದನ್ನು ಗುರುತಿನ ಸಂಖ್ಯೆಯೊಂದು ಹೇಳುತ್ತದೆ. ವಿಎಸ್‌ಟಿಯ ಎರಡನೆಯ ಆವೃತ್ತಿಯಲ್ಲಿ ಪಟ್ಟಿಯಲ್ಲಿನ ಸ್ಥಾನವೇ ಗುರುತಾಗಿತ್ತು. ಹೊಸ ನಿಯತಾಂಕವೊಂದನ್ನು ಪಟ್ಟಿಯ ನಡುವೆ ಸೇರಿಸಿದರೆ ಅದರ ಕೆಳಗಿನ ಎಲ್ಲ ದಾಖಲೆಗಳೂ ಒಂದೊಂದು ಸ್ಥಾನ ತಪ್ಪುತ್ತಿದ್ದವು. ಧ್ವನಿಮಟ್ಟದ ದಾಖಲೆ ಆವರ್ತನವನ್ನು ಎಳೆಯುವ ಸ್ಥಿತಿ ಉಂಟಾಗುತ್ತಿತ್ತು. ಮೂರನೆಯ ಆವೃತ್ತಿಯಲ್ಲಿ ಸ್ಥಾನಕ್ಕೆ ಹೊರತಾದ ಗುರುತಿನ ಸಂಖ್ಯೆ ಬಂದಿತು. ಅದನ್ನು ಒಮ್ಮೆ ಕೊಟ್ಟ ಮೇಲೆ ಎಂದಿಗೂ ಬದಲಿಸಬಾರದು, ಬೇರೊಂದಕ್ಕೆ ಕೊಡಬಾರದು ಎಂಬುದು ವಿನ್ಯಾಸದ ಕಟ್ಟುನಿಟ್ಟಿನ ನಿಯಮ.

ವ್ಯಾಪ್ತಿಯ ಬದಲಾವಣೆಯೂ ಅಷ್ಟೇ ಅಪಾಯಕಾರಿ. ವಿಎಸ್‌ಟಿ ದಾಖಲೆಗಳಲ್ಲಿ ಬೆಲೆಗಳು 0ಯಿಂದ 1ರೊಳಗಿನ ಭಿನ್ನರಾಶಿಗಳು. ವ್ಯಾಪ್ತಿ 20ರಿಂದ 20,000 ಹರ್ಟ್ಸ್ ಇದ್ದಾಗ 0.5 ಎಂಬುದು 632 ಹರ್ಟ್ಸ್. ಮುಂದಿನ ಆವೃತ್ತಿಯಲ್ಲಿ ಕನಿಷ್ಠ ಬೆಲೆಯನ್ನು 10 ಹರ್ಟ್ಸ್‌ಗೆ ಇಳಿಸಿದರೆ ಅದೇ 0.5 ಸುಮಾರು 447 ಹರ್ಟ್ಸ್ ಆಗುತ್ತದೆ. ದಾಖಲೆಯ ಒಂದಕ್ಷರವೂ ಬದಲಾಗದೆ ಅದರ ಅರ್ಥ ಬದಲಾಗುತ್ತದೆ. ಆಡಿಯೊ ಯೂನಿಟ್ ಮತ್ತು ಕ್ಲ್ಯಾಪ್ ಮಾನಕಗಳಲ್ಲಿ ನಿಯತಾಂಕದ ನಿಜವಾದ ಬೆಲೆಗಳನ್ನೇ ಬಳಸಬಹುದು. ಎಲ್‌ವಿ2ರಲ್ಲಿ ನಿಯತಾಂಕಗಳ ಹೆಸರು, ವ್ಯಾಪ್ತಿ, ಪೂರ್ವನಿಗದಿತ ಬೆಲೆಗಳು ಓದಬಹುದಾದ ಸಾದಾ ಪಠ್ಯಕಡತದಲ್ಲಿರುತ್ತವೆ. ಸಂಗ್ರಹಾಲಯಗಳ ದೃಷ್ಟಿಯಿಂದ ಇದು ದೊಡ್ಡ ಅನುಕೂಲ. ಮಾನಕಗಳೂ ಶಾಶ್ವತವಲ್ಲ: ವಿಎಸ್‌ಟಿಯ ಎರಡನೆಯ ಆವೃತ್ತಿಗೆ ಹೊಸ ಪರವಾನಗಿ ಕೊಡುವುದನ್ನು ಸ್ಟೈನ್‌ಬರ್ಗ್ 2018ರಲ್ಲಿ ನಿಲ್ಲಿಸಿತು.

8. ಜನಪದ ಧ್ವನಿಮುದ್ರಿಕೆಗಳ ಸಂದರ್ಭ

ಈವರೆಗೆ ಹೇಳಿದ ತತ್ತ್ವಗಳ ಪರಿಣಾಮ ಜನಪದ ಧ್ವನಿಮುದ್ರಿಕೆಗಳಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ಬೀಸುಕಲ್ಲಿನ ಪದ. ಗದ್ದಲ ತಗ್ಗಿಸುವ ಪ್ಲಗ್-ಇನ್‌ಗಳಲ್ಲಿ ಒಂದು ಮುಖ್ಯ ವರ್ಗವು, ಹಾಡಿಲ್ಲದ ಒಂದು ತುಣುಕಿನಿಂದ ಗದ್ದಲದ ಮಾದರಿಯನ್ನು ಗ್ರಹಿಸಿ, ಅದನ್ನು ಹೋಲುವುದೆಲ್ಲವನ್ನೂ ಮುದ್ರಿಕೆಯ ಉದ್ದಕ್ಕೂ ತಗ್ಗಿಸುತ್ತದೆ. ಎಡೆಬಿಡದೆ ಒಂದೇ ತೆರನಾಗಿ ಕೇಳುವುದು ಗದ್ದಲ, ಬದಲಾಗುತ್ತಿರುವುದು ಹಾಡು ಎಂಬ ಊಹೆ ಅದರಲ್ಲಿ ಅಡಗಿದೆ. ಟೇಪಿನ ಸಿಳ್ಳಿಗೆ ಈ ಊಹೆ ಸರಿ. ಆದರೆ ಬೀಸುವ ಕಲ್ಲಿನ ಮೊರೆತವೂ ಎಡೆಬಿಡದ ಸದ್ದೇ. ಹಾಡುವವಳು ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಮಾದರಿಯನ್ನು ಗ್ರಹಿಸಿದರೆ ಪ್ಲಗ್-ಇನ್ ಕಲ್ಲನ್ನೇ ಗದ್ದಲವೆಂದು ತಿಳಿಯುತ್ತದೆ. ಕಲ್ಲು ಅಳಿದು ಹಾಡು ಸ್ವಚ್ಛವಾಗಿ ಉಳಿಯುತ್ತದೆ. ಆದರೆ ಹಾಡಿನ ಲಯ ಕಲ್ಲಿನ ಸುತ್ತಿನದು, ಸಾಲಿನ ಉದ್ದ ಬೀಸುವ ತೋಳಿನದು. ಕಲ್ಲಿಲ್ಲದ ಬೀಸುವ ಪದ ಅಧ್ಯಯನಕ್ಕೆ ಅರ್ಧ ಆಧಾರ ಮಾತ್ರ. ಇಲ್ಲಿ ತಪ್ಪು ಗಣಿತದಲ್ಲಿಲ್ಲ; ಗದ್ದಲವೆಂಬ ಹೆಸರಿನಲ್ಲಿದೆ. ತಗ್ಗಿಸಿದ ಭಾಗವನ್ನು ಮಾತ್ರ ಪ್ರತ್ಯೇಕವಾಗಿ ಕೇಳಿಸುವ ಸ್ವಿಚ್ಚು ಕೆಲವು ಪ್ಲಗ್-ಇನ್‌ಗಳಲ್ಲಿದೆ. ಏನು ಹೋಗುತ್ತಿದೆ ಎಂಬುದನ್ನು ಕಿವಿಗೆ ಒಪ್ಪಿಸುವ ಈ ಸಣ್ಣ ನಿಯಂತ್ರಣವು ಸಂಗ್ರಹಕಾರರಿಗೆ ಬಹು ಉಪಯುಕ್ತ. ಸ್ವಯಂಚಾಲನೆಯ ನೆರವಿನಿಂದ, ತಗ್ಗಿಸುವ ಪ್ರಮಾಣವನ್ನು ಕಲ್ಲು ನಿಂತಿರುವಲ್ಲಿ ಹೆಚ್ಚಿಸಿ, ಬೀಸುವಲ್ಲಿ ಇಳಿಸಲೂ ಬಹುದು.

ಎರಡನೆಯದು ಸ್ವರ ತಿದ್ದುವ ಪ್ಲಗ್-ಇನ್. 1997ರಲ್ಲಿ ಬಂದ 'ಆಟೊ-ಟ್ಯೂನ್' ಈ ವರ್ಗವನ್ನು ಪ್ರಸಿದ್ಧಗೊಳಿಸಿತು. ಸ್ವರಶ್ರೇಣಿ ಮತ್ತು ತಿದ್ದುವ ವೇಗ ಇದರ ಮುಖ್ಯ ನಿಯತಾಂಕಗಳು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಸ್ವರಜಾಲವನ್ನು ಆರಿಸಿ ವೇಗವನ್ನು ಹೆಚ್ಚಿಸಿದರೆ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಕಂಠ ಮೆಟ್ಟಿಲು ಹತ್ತಿದಂತೆ ಕೇಳಿಸುತ್ತದೆ. ಮೌಖಿಕ ಗಾಯನದಲ್ಲಿ ಆ ಜಾರುವಿಕೆಯೇ ಗಾಯಕರ, ಮನೆತನದ, ಪ್ರದೇಶದ ಗುರುತಾಗಿರಬಹುದು. ಅದು ದೋಷವೆಂದು ತೀರ್ಮಾನಿಸಿದ್ದು ಗಾಯಕರಲ್ಲ, ಅವರ ಸಮುದಾಯವೂ ಅಲ್ಲ.

ಅಂತರರಾಷ್ಟ್ರೀಯ ಧ್ವನಿ ಹಾಗೂ ದೃಶ್ಯಶ್ರವ್ಯ ಸಂಗ್ರಹಾಲಯಗಳ ಸಂಘದ ಮಾರ್ಗಸೂಚಿಗಳು ಸಂರಕ್ಷಣಾ ಪ್ರತಿಯನ್ನು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳಲ್ಲಿ, ರುಚಿಗನುಗುಣವಾದ ಯಾವ ತಿದ್ದುಪಡಿಯೂ ಇಲ್ಲದೆ ಇಡಬೇಕೆನ್ನುತ್ತವೆ. ಸಂಸ್ಕಾರವೇನಿದ್ದರೂ ಕೇಳುಗರಿಗೆ ಕೊಡುವ ಪ್ರತಿಯಲ್ಲಿ ಮಾತ್ರ. ಆ ಪ್ರತಿಯೊಡನೆ ಬಳಸಿದ ಪ್ಲಗ್-ಇನ್‌ನ ಹೆಸರು, ಆವೃತ್ತಿ, ನಿಯತಾಂಕಗಳ ನಿಜಬೆಲೆಗಳು ಮತ್ತು ಸ್ವಯಂಚಾಲನೆಯ ಬಿಂದುಗಳನ್ನು ಸಾದಾ ಪಠ್ಯವಾಗಿ ಬರೆದಿಟ್ಟರೆ, ಮುಂದಿನ ಸಂಶೋಧಕನು ಸಂಪಾದಕನ ಕೈಯನ್ನು ಹಾಡುಗಾರ್ತಿಯ ಕಂಠದಿಂದ ಬೇರ್ಪಡಿಸಿ ನೋಡಬಲ್ಲ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಡುವ ಕ್ರಮಕ್ಕೆ ಇದು ಸಮಾನವಾದುದು.

9. ಸಮಾರೋಪ

ನಿಯತಾಂಕವೆಂದರೆ ಧ್ವನಿಯ ಬಗ್ಗೆ ವಿನ್ಯಾಸಕಾರನು ಮಾಡಿದ ಒಂದು ವಿಧಾನ. ಸ್ವಯಂಚಾಲನೆಯೆಂದರೆ ಆ ವಿಧಾನದೊಳಗೆ ನಡೆದ ಕೈಯ ಚಲನೆಯ ಲಿಖಿತ ದಾಖಲೆ. ಮೊದಲನೆಯದರಲ್ಲಿ ಹೆಸರು, ವ್ಯಾಪ್ತಿ, ಹಂಚಿಕೆ, ಪೂರ್ವನಿಗದಿತ ಬೆಲೆಗಳು ಕಿವಿಯ ಸ್ವಭಾವಕ್ಕೂ ಸಂಗೀತದ ಸ್ವಭಾವಕ್ಕೂ ಹೊಂದಬೇಕು. ಎರಡನೆಯದರಲ್ಲಿ ಹಿಡಿದ, ಬಿಟ್ಟ ಸೂಚನೆಗಳು ನಿಖರವಾಗಿದ್ದು, ಗುರುತುಗಳು ಕಾಲಾಂತರದಲ್ಲಿಯೂ ಸ್ಥಿರವಾಗಿರಬೇಕು. ಜನಪದ ಸಂಗ್ರಹಗಳಲ್ಲಿ ಕೆಲಸ ಮಾಡುವವರು ಪ್ಲಗ್-ಇನ್‌ಗಳನ್ನು ರಚಿಸುವವರಾಗಬೇಕಿಲ್ಲ. ಆದರೆ ಪ್ರತಿ ನಾಬಿನ ಹಿಂದೆ ಯಾವ ಊಹೆಯಿದೆ ಎಂದು ಕೇಳುವ, ತಾವು ತಿರುಗಿಸಿದ ಪ್ರತಿ ನಾಬಿನ ಲೆಕ್ಕವನ್ನು ಬರೆದಿಡುವ ಹೊಣೆ ಅವರದು. ಬೀಸುವ ಕಲ್ಲು ಇಂದು ಹಲವು ಮನೆಗಳಲ್ಲಿ ಮೂಲೆ ಸೇರಿದೆ. ಟೇಪಿನಲ್ಲಿ ಉಳಿದಿರುವ ಅದರ ಸದ್ದು ಗದ್ದಲವೆಂಬ ಹೆಸರಿನಲ್ಲಿ ಅಳಿಯದಂತೆ ನೋಡಿಕೊಳ್ಳುವುದು ಆ ಹೊಣೆಯ ಮೊದಲ ಅಂಶ.